ಊರೂರು ಅಲೆದ ರಷ್ಯನ್ ಬ್ಯಾಲೆ, ಅದು ಬಿಟ್ಟುಹೋದ ಹೆಜ್ಜೆಗಳು

ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋದವರು ಅಲ್ಲಿನ ರೋರಿಚ್ ಗ್ಯಾಲರಿ ನೋಡಿರುತ್ತೀರಿ. ಅಪ್ಪ ನಿಕೊಲಾಸ್ ರೋರಿಚ್, ಮಗ ಸ್ವೆತೋಸ್ಲಾವ್ ರೋರಿಚ್, ಇಬ್ಬರ ಚಿತ್ರಗಳೂ ಅಲ್ಲಿವೆ. ನಮಗೆ ಮಗನ ಪರಿಚಯ ಜಾಸ್ತಿ. ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ವರ್ಷಗಟ್ಟಲೆ ಬಾಳಿ, 1993ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡವರು ಅವರು. ಅಪ್ಪ ಅಂದರೆ ನಮಗೆ ಹಿಮಾಲಯದ ಬೆಟ್ಟಗಳ ಚಿತ್ರಗಾರ, ಅಷ್ಟೇ. ಆದರೆ ಹಿಮಾಲಯಕ್ಕೆ ಬರುವ ಮುಂಚೆ ಅವರು ನಾಟಕಶಾಲೆಗಳಿಗೆ ಪರದೆ ಬರೆಯುತ್ತಿದ್ದರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ ಒಂದು ಬ್ಯಾಲೆಯ ಪರದೆ, ವೇಷ ಎರಡೂ ಅವರ ಕೈಯವೇ.

ಆ ಬ್ಯಾಲೆ ಆಡಿದ ತಂಡದ ಹೆಸರು ಬ್ಯಾಲೆ ರುಸ್. ಅಂದರೆ ಫ್ರೆಂಚಿನಲ್ಲಿ 'ರಷ್ಯನ್ ಬ್ಯಾಲೆ'. ಹೆಸರಿನಲ್ಲಿ ರಷ್ಯಾ ಇದೆ, ಆದರೆ ಈ ತಂಡ ರಷ್ಯಾದಲ್ಲಿ ಒಂದೇ ಒಂದು ಆಟ ಆಡಲಿಲ್ಲ! ಇಪ್ಪತ್ತು ವರ್ಷ ಊರೂರು ಅಲೆಯಿತು. ಅದರ ಹಿಂದೆಯೇ ಇನ್ನಷ್ಟು ತಂಡಗಳು ಅಲೆದವು. ಇವತ್ತು ಲಂಡನ್, ನ್ಯೂಯಾರ್ಕ್, ಮೆಲ್ಬರ್ನ್‌ನಲ್ಲಿ ದೊಡ್ಡ ಬ್ಯಾಲೆ ಕಂಪನಿಗಳಿವೆ ಅಂದರೆ, ಅವುಗಳ ಬೇರು ಹುಡುಕಿದರೆ ಹೆಚ್ಚಿನಂಶ ಈ ಅಲೆಮಾರಿ ತಂಡಗಳಿಗೇ ಹೋಗಿ ಮುಟ್ಟುತ್ತದೆ. ನಮ್ಮ ದೇಶದ ನೃತ್ಯದ ಕತೆಯಲ್ಲೂ ಅದರ ಒಂದು ಎಳೆ ಇದೆ.

ಮೊದಲು ರಷ್ಯಾದಲ್ಲಿ ವ್ಯವಸ್ಥೆ ಹೇಗಿತ್ತು ಅಂತ ನೋಡೋಣ. ಅಲ್ಲಿ ಬ್ಯಾಲೆ ಝಾರ್ ದೊರೆಯ ಸೊತ್ತು. ಸೇಂಟ್ ಪೀಟರ್ಸ್‌ಬರ್ಗ್‌ನ ಅರಮನೆ ಶಾಲೆಗೆ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. ಊಟ, ಬಟ್ಟೆ, ಪಾಠ ಎಲ್ಲವೂ ದೊರೆಯ ಖರ್ಚು. ಓದು ಮುಗಿದ ಮೇಲೆ ಮಾರಿಯಿನ್ಸ್ಕಿ ಥಿಯೇಟರಿನಲ್ಲಿ ಕೆಲಸ, ಕೊನೆಗೆ ಪಿಂಚಣಿ. ತಮಾಷೆಯ ವಿಷಯ ಅಂದರೆ ಈ ವಿದ್ಯೆ ರಷ್ಯಾಕ್ಕೆ ಬಂದದ್ದೇ ಫ್ರಾನ್ಸ್ ಮತ್ತು ಇಟಲಿಯಿಂದ. 'ಸ್ಲೀಪಿಂಗ್ ಬ್ಯೂಟಿ' ಕಟ್ಟಿದ ಮಾರಿಯುಸ್ ಪೆತಿಪಾ ಹುಟ್ಟಿದ್ದು ಫ್ರಾನ್ಸಿನ ಮಾರ್ಸೇಯಲ್ಲಿ. 1847ರಲ್ಲಿ ರಷ್ಯಾಕ್ಕೆ ಹೋದವರು ಅಲ್ಲೇ ನಿಂತರು. ಅತ್ತ ರಷ್ಯಾದಲ್ಲಿ ವಿದ್ಯೆ ಬೆಳೆಯುತ್ತಾ ಹೋಯಿತು, ಇತ್ತ ಪ್ಯಾರಿಸ್ಸಿನಲ್ಲಿ ಸೊರಗುತ್ತಾ ಬಂತು. ಎಷ್ಟರಮಟ್ಟಿಗೆ ಅಂದರೆ ಪ್ಯಾರಿಸ್ ಒಪೆರಾದ ಬ್ಯಾಲೆಗಳಲ್ಲಿ ನಾಯಕನ ಪಾತ್ರವನ್ನೂ ಹೆಣ್ಣುಮಕ್ಕಳೇ ಗಂಡುಡುಗೆ ತೊಟ್ಟು ಮಾಡುತ್ತಿದ್ದರು. ಬ್ಯಾಲೆ ಗಂಡಸರ ಕೆಲಸವೇ ಅಲ್ಲ ಅನ್ನುವಂತಾಗಿತ್ತು.

ಆಗ ಬಂದವರು ಸೆರ್ಗೆಯ್ ದ್ಯಾಗಿಲೆವ್. ಹುಟ್ಟಿದ್ದು 1872ರಲ್ಲಿ. ಕುಣಿಯುವವರಲ್ಲ, ಸಂಗೀತಗಾರರಲ್ಲ, ಚಿತ್ರಗಾರರೂ ಅಲ್ಲ. ಓದಿದ್ದು ಕಾನೂನು. ಆದರೆ ಯಾರಲ್ಲಿ ಏನಿದೆ ಅಂತ ಗುರುತಿಸಿ, ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಕೆಲಸ ತೆಗೆಯುವ ಶಕ್ತಿ ಅವರಷ್ಟು ಇದ್ದವರು ಆ ಕಾಲದಲ್ಲಿ ಇನ್ನೊಬ್ಬರಿರಲಿಲ್ಲ ಅಂತ ನನಗನ್ನಿಸುತ್ತದೆ. 1906ರಲ್ಲಿ ಪ್ಯಾರಿಸ್ಸಿಗೆ ರಷ್ಯಾದ ಚಿತ್ರಗಳನ್ನು ಒಯ್ದರು. ಮರುವರ್ಷ ಸಂಗೀತ. ಅದರ ಮರುವರ್ಷ ಒಪೆರಾ. 1909ರಲ್ಲಿ ಬ್ಯಾಲೆ.

ಅದು ಸಾಧ್ಯವಾದದ್ದು ಒಂದು ಸಾಧಾರಣ ಕಾರಣಕ್ಕೆ: ಬೇಸಿಗೆ ರಜೆ. ಮಾರಿಯಿನ್ಸ್ಕಿ ಬೇಸಿಗೆಯಲ್ಲಿ ಮುಚ್ಚುತ್ತಿತ್ತು. ಕಲಾವಿದರು ಬಿಡುವಾಗಿರುತ್ತಿದ್ದರು. ಅವರನ್ನು ಕಟ್ಟಿಕೊಂಡು ದ್ಯಾಗಿಲೆವ್ ರೈಲು ಹತ್ತಿದರು. ಹೊರಡುವ ಹೊತ್ತಿಗೆ ಅರಮನೆಯ ಹಣದ ನೆರವು ನಿಂತುಹೋಗಿತ್ತು. ಆದರೂ ಹೊರಟರು. 1909ರ ಮೇ 19ರಂದು ಶಾತ್ಲೆ ಥಿಯೇಟರಿನಲ್ಲಿ ಮೊದಲ ಆಟ. ಆವತ್ತು ಆಡಿದ 'ಪೊಲೊವ್ಟ್ಸಿಯನ್ ಕುಣಿತ'ದ ಪರದೆ ಬರೆದವರು ಇದೇ ನಿಕೊಲಾಸ್ ರೋರಿಚ್. ಹಿಂದೆ ಹೊಗೆಯಾಡುವ ಗುಡಾರಗಳ ಬಯಲು, ಮುಂದೆ ಬಿಲ್ಲು ಹಿಡಿದು ಹಾರುವ ಗಂಡಸರು. ಗಂಡಸರ ಕುಣಿತವನ್ನೇ ಮರೆತಿದ್ದ ಪ್ಯಾರಿಸ್ ಜನ ಬೆರಗಾದರು. ವಾಸ್ಲಾವ್ ನಿಜಿನ್ಸ್ಕಿ ಅನ್ನುವ ಇಪ್ಪತ್ತರ ಆಸುಪಾಸಿನ ಹುಡುಗ ರಾತ್ರೋರಾತ್ರಿ ಊರಿಗೆಲ್ಲ ಪರಿಚಯವಾದ. ಪ್ಯಾರಿಸ್ ಕಳಿಸಿದ ವಿದ್ಯೆ ಪ್ಯಾರಿಸ್ಸಿಗೆ ವಾಪಸ್ ಬಂದಿತ್ತು, ಗುರುತೇ ಸಿಗದ ಹಾಗೆ. ಲೆಕ್ಕ ನೋಡಿದರೆ ಮಾತ್ರ ನಷ್ಟ. ಈ ತಂಡದ ಹಣೆಬರಹವೇ ಹಾಗೆ. ಹೆಸರು ಆಕಾಶದಲ್ಲಿ, ಸಾಲ ಕೊರಳಲ್ಲಿ.

ಇವರು ಬ್ಯಾಲೆಯ ಆಕಾರವನ್ನೇ ಬದಲಿಸಿದ್ದು ಮುಖ್ಯ. ಪೆತಿಪಾ ಕಾಲದಲ್ಲಿ ಒಂದು ಸಂಜೆಗೆ ಒಂದೇ ಬ್ಯಾಲೆ. ಮೂರು ನಾಲ್ಕು ಅಂಕ, ನಡುನಡುವೆ ಕತೆಗೆ ಸಂಬಂಧವಿಲ್ಲದ ಕುಣಿತಗಳು, ಯಾವ ದೇಶದ ಕತೆಯಾದರೂ ಅದೇ ಟುಟು ಲಂಗ. ತಂಡದ ನೃತ್ಯ ಸಂಯೋಜಕ ಮಿಖಾಯಿಲ್ ಫೋಕಿನ್‌ಗೆ ಇದು ಒಗ್ಗುತ್ತಿರಲಿಲ್ಲ. ಅವರು ಒಂದೇ ಅಂಕದ ಚಿಕ್ಕ ಬ್ಯಾಲೆ ಕಟ್ಟಿದರು. ಅದರಲ್ಲಿ ಸಂಗೀತ, ಪರದೆ, ವೇಷ, ಹೆಜ್ಜೆ ಎಲ್ಲವೂ ಒಂದೇ ಕತೆಗೆ ದುಡಿಯಬೇಕು. ಅಂಥ ಮೂರು ನಾಲ್ಕು ಸೇರಿಸಿದರೆ ಒಂದು ಸಂಜೆಯ ಕಾರ್ಯಕ್ರಮ. ಇವತ್ತಿಗೂ ಬ್ಯಾಲೆ ಕಂಪನಿಗಳು 'ಟ್ರಿಪಲ್ ಬಿಲ್' ಅಂತ ಮೂರು ಚಿಕ್ಕ ಬ್ಯಾಲೆ ಒಟ್ಟಿಗೆ ಆಡುತ್ತಾರಲ್ಲ, ಆ ಪದ್ಧತಿ ಗಟ್ಟಿಯಾದದ್ದು ಇಲ್ಲೇ. ಊರೂರು ಹೋಗುವ ತಂಡಕ್ಕೆ ಇದರಲ್ಲಿ ಅನುಕೂಲವೂ ಇತ್ತು. ಒಂದು ಬ್ಯಾಲೆ ಒಂದೂರಿನಲ್ಲಿ ಹಿಡಿಸದಿದ್ದರೆ ಅದನ್ನು ತೆಗೆದು ಇನ್ನೊಂದು ಹಾಕಬಹುದು.

ಅರಮನೆಯ ಥಿಯೇಟರಾದರೆ ಹಳೆಯದನ್ನೇ ಆಡುತ್ತಾ ಕೂರಬಹುದು. ಅಲೆಯುವ ತಂಡ ಪ್ರತಿ ವರ್ಷ ಹೊಸದು ತೋರಿಸದಿದ್ದರೆ ಟಿಕೆಟ್ ಮಾರಾಟವಾಗಲ್ಲ. ಹಾಗಾಗಿ ದ್ಯಾಗಿಲೆವ್ ಹೊಸಬರನ್ನು ಹುಡುಕುತ್ತಲೇ ಇದ್ದರು. ಹೆಸರೇ ಕೇಳದ ಇಗೋರ್ ಸ್ಟ್ರಾವಿನ್ಸ್ಕಿಗೆ 1910ರಲ್ಲಿ 'ಫೈರ್‌ಬರ್ಡ್' ಬ್ಯಾಲೆಗೆ ಸಂಗೀತ ಬರೆಯಲು ಕೊಟ್ಟರು. ಮರುವರ್ಷ 'ಪೆಟ್ರುಷ್ಕಾ'. ಮುಂದೆ ಪಿಕಾಸೊ, ಮಟೀಸ್ ಅವರಿಂದ ಪರದೆ ಬರೆಸಿದರು. ರವೆಲ್, ಸಾತೀ, ಪ್ರೊಕೋಫಿಯೆವ್ ಅವರಿಂದ ಸಂಗೀತ. ಪಿಕಾಸೊ ಅಂತೂ ಈ ತಂಡದ ನೃತ್ಯಗಾರ್ತಿ ಓಲ್ಗಾ ಖೊಖ್ಲೊವಾ ಅವರನ್ನು ಮದುವೆಯೇ ಆದರು.

ಈಗ ಆ ಗಲಾಟೆಯ ರಾತ್ರಿಗೆ ಬರೋಣ.

1913ರ ಮೇ 29, ಪ್ಯಾರಿಸ್ಸಿನ ಶಾಂಜೆಲಿಜೆ ಥಿಯೇಟರ್. ಬ್ಯಾಲೆಯ ಹೆಸರು 'ರೈಟ್ ಆಫ್ ಸ್ಪ್ರಿಂಗ್'. ಹಳೆಯ ಕಾಲದ ರಷ್ಯಾದ ಒಂದು ಬುಡಕಟ್ಟು ವಸಂತ ಬರಲಿ ಅಂತ ಒಬ್ಬ ಹುಡುಗಿಯನ್ನು ಆರಿಸುತ್ತದೆ, ಅವಳು ಕುಣಿದು ಕುಣಿದು ಸಾಯುತ್ತಾಳೆ. ಕತೆಯನ್ನು ಸ್ಟ್ರಾವಿನ್ಸ್ಕಿ ಜೊತೆ ಕೂತು ಹೊಸೆದವರು ರೋರಿಚ್. ಅವರಿಗೆ ಪ್ರಾಚೀನ ರಷ್ಯಾದ ಬಗ್ಗೆ ಆಳವಾದ ತಿಳಿವಳಿಕೆ ಇತ್ತು. ವೇಷಗಳು ದಪ್ಪ ಉಣ್ಣೆ ಬಟ್ಟೆಯವು. ಮೇಲೆ ಕೈಯಿಂದ ಒತ್ತಿದ ವೃತ್ತ, ಚೌಕ, ಪಟ್ಟೆಗಳ ಬಣ್ಣದ ಚಿತ್ತಾರ. ಬ್ಯಾಲೆ ಅಂದರೆ ಗಾಳಿಯಲ್ಲಿ ತೇಲುವ ಬಿಳಿ ಲಂಗ ಅಂದುಕೊಂಡವರ ಎದುರು ಉಣ್ಣೆಯ ನಿಲುವಂಗಿ ತೊಟ್ಟ, ಜಡೆ ಹಾಕಿದ ಹುಡುಗಿಯರು! ಪಾದಗಳು ಒಳಮುಖ, ಮಂಡಿ ಬಾಗಿದೆ, ಭುಜ ಕುಗ್ಗಿದೆ. ಬ್ಯಾಲೆ ಶಾಲೆಯಲ್ಲಿ ಮೊದಲ ದಿನ ಹೇಳಿಕೊಡುವುದೇ ಪಾದ ಹೊರಗೆ ತಿರುಗಿಸುವುದನ್ನು. ನೃತ್ಯ ಕಟ್ಟಿದ್ದ ನಿಜಿನ್ಸ್ಕಿ ಅದನ್ನೇ ತಿರುವು ಮುರುವು ಮಾಡಿದ್ದರು.

ಸಂಗೀತದ ತಾಳ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ತಾಲೀಮಿನಲ್ಲಿ ಎಣಿಕೆ ಕಲಿಸಲಿಕ್ಕೆ ಅಂತಲೇ ಮಾರಿ ರಾಂಬರ್ ಅನ್ನುವ ಹುಡುಗಿಯನ್ನು ನೇಮಿಸಿಕೊಂಡಿದ್ದರು. ಆಟ ಶುರುವಾಗುತ್ತಿದ್ದ ಹಾಗೆ ನಗು, ಸಿಳ್ಳೆ, ಬೈಗುಳ. ಬೇಡ ಅನ್ನುವವರಿಗೂ ಬೇಕು ಅನ್ನುವವರಿಗೂ ಜಗಳ. ದ್ಯಾಗಿಲೆವ್ ಲೈಟ್ ಹಾಕಿಸಿದರು, ಆರಿಸಿದರು. ವೇದಿಕೆಯ ಮೇಲಿದ್ದವರಿಗೆ ವಾದ್ಯವೇ ಕೇಳಿಸುತ್ತಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ನಿಜಿನ್ಸ್ಕಿ ಕುರ್ಚಿ ಹತ್ತಿ ರಷ್ಯನ್‌ನಲ್ಲಿ ಎಣಿಕೆ ಕೂಗುತ್ತಿದ್ದಾರೆ. ರಷ್ಯನ್‌ನಲ್ಲಿ ಹತ್ತು ದಾಟಿದ ಮೇಲೆ ಸಂಖ್ಯೆಗಳ ಹೆಸರು ಉದ್ದ. ಹದಿನೇಳು ಅನ್ನಲಿಕ್ಕೆ 'ಸೆಮ್‌ನಾತ್ಸತ್' ಅನ್ನಬೇಕು. ಬಾಯಲ್ಲಿ ಅದು ಮುಗಿಯುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಅವರು ವೇದಿಕೆಗೆ ಬಿದ್ದುಬಿಡದಂತೆ ಸ್ಟ್ರಾವಿನ್ಸ್ಕಿ ಹಿಂದಿನಿಂದ ಕೋಟು ಹಿಡಿದುಕೊಂಡು ನಿಂತಿದ್ದರು. ಇಷ್ಟಾದರೂ ವಾದ್ಯ ನಿರ್ದೇಶಕ ಪಿಯೆರ್ ಮಾಂತೊ ಬೆರಳಷ್ಟೂ ಅಲುಗದೆ ಕೊನೆಯವರೆಗೆ ನುಡಿಸಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅದೇ ಪ್ರೇಕ್ಷಕರ ಎದುರು, ಅದೇ ನಿಜಿನ್ಸ್ಕಿ ಗುಲಾಬಿಯ ವೇಷ ತೊಟ್ಟು ಇನ್ನೊಂದು ಬ್ಯಾಲೆ ಕುಣಿದರು. ಆ ಮನುಷ್ಯನ ಎದೆಗಾರಿಕೆ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಆ ಬ್ಯಾಲೆ ಆಡಿದ್ದು ಬೆರಳೆಣಿಕೆಯಷ್ಟು ಸಲ. ಅದೇ ವರ್ಷ ತಂಡ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿತು. ನೀರಿನ ಮೇಲೆ ಸಾವು ಬರುತ್ತದೆ ಅಂತ ಯಾರೋ ಭವಿಷ್ಯ ಹೇಳಿದ್ದರಂತೆ, ಅದಕ್ಕೆ ದ್ಯಾಗಿಲೆವ್ ಹೋಗಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ನಿಜಿನ್ಸ್ಕಿ ಮದುವೆಯಾದರು. ದ್ಯಾಗಿಲೆವ್‌ಗೂ ಅವರಿಗೂ ನಡುವೆ ಇದ್ದದ್ದು ಬರೀ ಕೆಲಸದ ಸಂಬಂಧವಲ್ಲ, ಪ್ರೀತಿ. ದ್ಯಾಗಿಲೆವ್ ಸಿಟ್ಟಿಗೆದ್ದು ನಿಜಿನ್ಸ್ಕಿಯನ್ನು ಕೆಲಸದಿಂದ ತೆಗೆದರು. ನಿಜಿನ್ಸ್ಕಿ ಹೋದರು, ಅವರ ಜೊತೆ ಆ ಬ್ಯಾಲೆಯೂ ಹೋಯಿತು.

ಅದು ಹೇಗೆ ಹೋಗುತ್ತದೆ? ಸಂಗೀತವಾದರೆ ಸ್ವರ ಬರೆದಿಡುತ್ತಾರೆ, ನಾಟಕವಾದರೆ ಮಾತು ಬರೆದಿಡುತ್ತಾರೆ. ಆ ಕಾಲದ ಬ್ಯಾಲೆ ಬಹುಪಾಲು ಇದ್ದದ್ದು ಕುಣಿದವರ ಮೈಯಲ್ಲಿ ಮಾತ್ರ. ಒಬ್ಬರು ಕುಣಿದು ತೋರಿಸಬೇಕು, ಇನ್ನೊಬ್ಬರು ನೋಡಿ ಕಲಿಯಬೇಕು. ನಮ್ಮ ಯಕ್ಷಗಾನದ ಹೆಜ್ಜೆ ದಾಟಿ ಬಂದಿರುವುದೂ ಹಾಗೇ ಅಲ್ವಾ? ಕುಣಿದವರು ಚದುರಿದರೆ ಹೆಜ್ಜೆಯೂ ಚದುರುತ್ತದೆ. 'ರೈಟ್ ಆಫ್ ಸ್ಪ್ರಿಂಗ್' ಎಪ್ಪತ್ತು ವರ್ಷ ಹೆಸರಿಗೆ ಮಾತ್ರ ಉಳಿದಿತ್ತು. ರಾಂಬರ್ ಸ್ವರಪುಸ್ತಕದ ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿ, ಚಿತ್ರಗಾರ್ತಿ ವಾಲೆಂಟಿನ್ ಗ್ರೋಸ್ ಗೀಚಿಕೊಂಡ ರೇಖಾಚಿತ್ರ, ರೋರಿಚ್ ವೇಷಗಳು, ಇವನ್ನೆಲ್ಲ ಕೂಡಿಸಿ ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಅನ್ನುವ ಸಂಶೋಧಕರು ಅದನ್ನು ಮತ್ತೆ ಕಟ್ಟಿದರು. 1987ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾಫ್ರಿ ಬ್ಯಾಲೆ ಅನ್ನುವ ಅಮೆರಿಕದ ತಂಡ ಅದನ್ನು ಆಡಿತು.

ಈ ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ. ಬ್ಯಾಲೆ ಸಾಗುವುದು ಮನುಷ್ಯರ ಮೈಮೇಲೆ. ತಂಡ ಬಂದು ಆಡಿ ಹೋದ ಊರಿನಲ್ಲಿ ನೆನಪು ಉಳಿಯುತ್ತದೆ. ತಂಡದಿಂದ ಒಬ್ಬರು ಇಳಿದು ಅಲ್ಲೇ ನಿಂತರೆ ಶಾಲೆ ಹುಟ್ಟುತ್ತದೆ.

1914ರಲ್ಲಿ ಯುದ್ಧ ಬಂತು. 1917ರಲ್ಲಿ ರಷ್ಯಾದಲ್ಲಿ ಕ್ರಾಂತಿ. ದ್ಯಾಗಿಲೆವ್ ಮತ್ತೆ ಊರಿಗೆ ಹೋಗಲೇ ಇಲ್ಲ. ರಷ್ಯಾದಿಂದ ಹೊಸ ಕಲಾವಿದರು ಬರುವುದು ನಿಂತಾಗ ಬೇರೆ ಕಡೆಯಿಂದ ತಂದರು, ಹೆಸರು ಮಾತ್ರ ರಷ್ಯನ್ ಮಾಡಿದರು. ಹಿಲ್ಡಾ ಮನಿಂಗ್ಸ್ ಹೋಗಿ ಲಿಡಿಯಾ ಸೊಕೊಲೊವಾ ಆದರು. ಪ್ಯಾಟ್ರಿಕ್ ಹೀಲಿ-ಕೇ ಹೋಗಿ ಆಂಟನ್ ಡಾಲಿನ್. ಲಂಡನ್ನಿನ ಲಿಲಿಯನ್ ಮಾರ್ಕ್ಸ್ ಹದಿನಾಲ್ಕನೇ ವಯಸ್ಸಿಗೆ ಸೇರಿ ಅಲಿಸಿಯಾ ಮಾರ್ಕೋವಾ ಆದಳು. ಬ್ಯಾಲೆ ಅಂದರೆ ರಷ್ಯನ್ನರದ್ದು ಅನ್ನುವ ನಂಬಿಕೆ ಅಷ್ಟು ಬಲವಾಗಿ ಕೂತಿತ್ತು.

1929ರ ಆಗಸ್ಟ್ 19ರಂದು ದ್ಯಾಗಿಲೆವ್ ವೆನಿಸ್‌ನಲ್ಲಿ ತೀರಿಕೊಂಡರು. ಸುತ್ತಲೂ ನೀರಿರುವ ಊರು. ಅಂತ್ಯಕ್ರಿಯೆಗೂ ಅವರ ಹತ್ತಿರ ಹಣ ಇರಲಿಲ್ಲ, ಕೊಕೊ ಶನೆಲ್ ಮತ್ತು ಮಿಸಿಯಾ ಸೆರ್ ಅನ್ನುವ ಗೆಳತಿಯರು ಕೊಟ್ಟರು. ದ್ಯಾಗಿಲೆವ್ ಜೊತೆಗೇ ತಂಡವೂ ಮುಗಿಯಿತು. ಕುಣಿದವರು ಚದುರಿದರು, ಸಿಕ್ಕ ಸಿಕ್ಕ ಊರಿನಲ್ಲಿ ನಿಂತರು. ಐರ್ಲೆಂಡಿನಲ್ಲಿ ಹುಟ್ಟಿದ ನಿನೆಟ್ ಡಿ ವಲ್ವಾ ಎರಡು ಮೂರು ವರ್ಷ ಅವರ ತಂಡದಲ್ಲಿದ್ದವರು. 1931ರಲ್ಲಿ ಲಂಡನ್ನಿನಲ್ಲಿ ಅವರು ಶುರುಮಾಡಿದ ಚಿಕ್ಕ ಕಂಪನಿಯೇ ಇವತ್ತಿನ ರಾಯಲ್ ಬ್ಯಾಲೆ. ಎಣಿಕೆ ಕಲಿಸಿದ್ದ ರಾಂಬರ್ ಲಂಡನ್ನಿನಲ್ಲೇ ಇನ್ನೊಂದು ಕಂಪನಿ ಕಟ್ಟಿದರು, ಅದೂ ಈಗಲೂ ನಡೆಯುತ್ತಿದೆ. ತಂಡದ ನೃತ್ಯಗಾರ ಸೆರ್ಜ್ ಲಿಫಾರ್ ಪ್ಯಾರಿಸ್ ಒಪೆರಾ ಬ್ಯಾಲೆಗೆ ಹೋದರು. ಕೊನೆಯ ವರ್ಷಗಳ ನೃತ್ಯ ಸಂಯೋಜಕ ಜಾರ್ಜ್ ಬಾಲಂಚೀನ್ 1933ರಲ್ಲಿ ಅಮೆರಿಕಕ್ಕೆ ಹೋದರು. ಮರುವರ್ಷವೇ ಶಾಲೆ ತೆರೆದರು. 1948ರಲ್ಲಿ ಅವರ ಕಂಪನಿಗೆ ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನುವ ಹೆಸರು ಬಂತು.

ಆದರೆ ತಿರುಗಾಟ ನಿಲ್ಲಲಿಲ್ಲ. 1932ರಲ್ಲಿ ರೆನೆ ಬ್ಲುಮ್ ಮತ್ತು ಕರ್ನಲ್ ಡಿ ಬಾಸಿಲ್ ಸೇರಿ ಮಾಂಟೆ ಕಾರ್ಲೊದಲ್ಲಿ ಮತ್ತೆ ತಂಡ ಕಟ್ಟಿದರು. ಆಗ ಪ್ಯಾರಿಸ್ಸಿನಲ್ಲಿ ರಷ್ಯಾ ಬಿಟ್ಟು ಬಂದ ಸಂಸಾರಗಳು ತುಂಬಿದ್ದವು. ಝಾರ್ ಕಾಲದಲ್ಲಿ ಮೆರೆದ ನೃತ್ಯಗಾರ್ತಿಯರು ಹೊಟ್ಟೆಪಾಡಿಗೆ ಪಾಠ ಹೇಳುತ್ತಿದ್ದರು. ಅಂಥ ಪಾಠಶಾಲೆಗಳಿಂದ ಬಾಲಂಚೀನ್ ಮೂವರು ಹುಡುಗಿಯರನ್ನು ಆರಿಸಿ ತಂದರು. ಇರಿನಾ ಬರೊನೊವಾ, ತಮಾರಾ ತುಮನೊವಾ, ತತಿಯಾನಾ ರಿಯಾಬುಶಿನ್ಸ್ಕಾ. ಹನ್ನೆರಡರಿಂದ ಹದಿನಾಲ್ಕು ಹದಿನೈದರ ಒಳಗಿನವರು. ಪತ್ರಿಕೆಗಳು ಅವರನ್ನು 'ಬೇಬಿ ಬ್ಯಾಲೆರಿನಾ' ಅಂದವು. ಅವರ ಜೊತೆ ಅಮ್ಮಂದಿರೂ ಹೊರಟರು. 1933ರ ಕೊನೆಗೆ ಸಾಲ್ ಹ್ಯುರಾಕ್ ಅನ್ನುವ ವ್ಯವಸ್ಥಾಪಕರು ಈ ತಂಡವನ್ನು ಅಮೆರಿಕಕ್ಕೆ ಕರೆಸಿದರು. ರಾತ್ರಿ ಆಟ ಮುಗಿಸಿ ರೈಲು ಹತ್ತುವುದು, ರೈಲಿನಲ್ಲೇ ನಿದ್ದೆ, ಬೆಳಗಾದರೆ ಇನ್ನೊಂದೂರು. ಬ್ಯಾಲೆ ಅಂದರೇನು ಅಂತಲೇ ಗೊತ್ತಿಲ್ಲದ ಸಣ್ಣ ಸಣ್ಣ ಊರುಗಳಲ್ಲಿ ಆಡಿದರು.

ಆಮೇಲೆ ಜಗಳ, ಕೋರ್ಟು, ಒಡಕು. ಒಂದೇ ಥರದ ಹೆಸರಿನ ಎರಡು ತಂಡಗಳಾದವು. ಬ್ಲುಮ್ ಯಹೂದಿ. ಪ್ಯಾರಿಸ್ಸಿನಲ್ಲೇ ಉಳಿದಿದ್ದ ಅವರನ್ನು ನಾಜಿಗಳು ಹಿಡಿದು 1942ರಲ್ಲಿ ಆಷ್‌ವಿಟ್ಜ್ ಸಾವಿನ ಶಿಬಿರದಲ್ಲಿ ಕೊಂದರು.

ಯುದ್ಧದ ಕಾಲದಲ್ಲಿ ಒಂದು ತಂಡ ಅಮೆರಿಕದಲ್ಲೇ ಬೀಡುಬಿಟ್ಟಿತು. ಅಲ್ಲಿನ ಮಕ್ಕಳು ಸೇರತೊಡಗಿದರು. ಒಕ್ಲಹೋಮಾದ ಓಸೇಜ್ ಮೂಲನಿವಾಸಿ ಹುಡುಗಿ ಮರಿಯಾ ಟಾಲ್‌ಚೀಫ್ 1942ರಲ್ಲಿ ಬಂದಳು. ಹೆಸರನ್ನು ರಷ್ಯನ್ ಥರ 'ಟಾಲ್‌ಚೀವಾ' ಮಾಡಿಕೋ ಅಂದರು. ಅವಳು ಒಪ್ಪಲಿಲ್ಲ. ಏಳು ವರ್ಷದ ಮೇಲೆ ನ್ಯೂಯಾರ್ಕಿನಲ್ಲಿ ಬಾಲಂಚೀನ್ ಕಟ್ಟಿದ 'ಫೈರ್‌ಬರ್ಡ್'ನಲ್ಲಿ ಬೆಂಕಿಹಕ್ಕಿಯಾಗಿ ಕುಣಿದದ್ದು ಅವಳೇ, ಅವಳ ಹೆಸರಿನಲ್ಲೇ. 1955ರಲ್ಲಿ ಕಪ್ಪು ಜನಾಂಗದ ರೇವನ್ ವಿಲ್ಕಿನ್ಸನ್ ಇದೇ ತಂಡಕ್ಕೆ ಸೇರಿದರು. ದಕ್ಷಿಣದ ರಾಜ್ಯಗಳಿಗೆ ಹೋದಾಗ ಕು ಕ್ಲಕ್ಸ್ ಕ್ಲಾನ್ ಅನ್ನುವ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಿನ ಬೆದರಿಕೆ ಎದುರಿಸಿದರು. ಊರೂರು ಸುತ್ತುವುದು ಎಲ್ಲರಿಗೂ ಒಂದೇ ಥರ ಇರಲಿಲ್ಲ.

ಆಸ್ಟ್ರೇಲಿಯಾದ ಕತೆ ಇದಕ್ಕಿಂತ ಸರಳ. 1936ರಿಂದ 1940ರ ನಡುವೆ ಈ ತಂಡಗಳು ಮೂರು ಸಲ ಅಲ್ಲಿಗೆ ಹೋದವು. 1939ರಲ್ಲಿ ಚೆಕ್ ನೃತ್ಯಗಾರ ಎಡ್ವರ್ಡ್ ಬೊರೊವಾನ್ಸ್ಕಿ ಹೆಂಡತಿಯ ಜೊತೆ ಮೆಲ್ಬರ್ನ್‌ನಲ್ಲೇ ಉಳಿದುಬಿಟ್ಟರು. ಶಾಲೆ ತೆರೆದರು, ಕಂಪನಿ ಕಟ್ಟಿದರು. 1962ರಲ್ಲಿ ಶುರುವಾದ ಆಸ್ಟ್ರೇಲಿಯನ್ ಬ್ಯಾಲೆಯಲ್ಲಿ ಅವರ ಕಂಪನಿಯ ಕಲಾವಿದರು ಬಹಳ ಜನ ಇದ್ದರು.

ನಮ್ಮ ಕಡೆಗೆ ಬಂದವರು ಅನ್ನಾ ಪಾವ್ಲೋವಾ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಮಗಳು. 1909ರ ಮೊದಲ ಪ್ಯಾರಿಸ್ ಆಟಗಳಲ್ಲಿ ಅವರೂ ಇದ್ದರು. ಆದರೆ ದ್ಯಾಗಿಲೆವ್ ಜೊತೆ ಹೆಚ್ಚು ಕಾಲ ನಿಲ್ಲಲಿಲ್ಲ, ತಮ್ಮದೇ ತಂಡ ಕಟ್ಟಿ ಜಗತ್ತು ಸುತ್ತಿದರು. ಅವರ 'ಸಾಯುವ ಹಂಸ' ಬರೀ ಕೆಲವೇ ನಿಮಿಷದ್ದು. 1917ರಲ್ಲಿ ಪೆರು ದೇಶದ ಲೀಮಾದಲ್ಲಿ ಅವರನ್ನು ನೋಡಿದ ಫ್ರೆಡರಿಕ್ ಆಷ್ಟನ್ ಅನ್ನುವ ಹುಡುಗ ಕುಣಿಯಲೇಬೇಕು ಅಂತ ನಿಶ್ಚಯಿಸಿದ. ಮುಂದೆ ರಾಯಲ್ ಬ್ಯಾಲೆಯ ದೊಡ್ಡ ನೃತ್ಯ ಸಂಯೋಜಕನಾದದ್ದು ಅವನೇ.

ದ್ಯಾಗಿಲೆವ್ ತಂಡ 1912ರಲ್ಲಿ 'ನೀಲಿ ದೇವರು' ಅಂತ ಒಂದು ಭಾರತದ ಬ್ಯಾಲೆ ಆಡಿತ್ತು. ನಿಜಿನ್ಸ್ಕಿ ಮೈಗೆಲ್ಲ ನೀಲಿ ಬಳಿದುಕೊಂಡಿದ್ದರು. ಕಣ್ಣಿಗೆ ಚಂದ, ಆದರೆ ಅದರಲ್ಲಿ ನಮ್ಮ ದೇಶ ಇರಲಿಲ್ಲ, ಅವರ ಕಲ್ಪನೆ ಇತ್ತು. ಪಾವ್ಲೋವಾ ಹತ್ತು ವರ್ಷದ ಮೇಲೆ ಇಲ್ಲಿಗೇ ಬಂದರು. ಅಜಂತಾ ನೋಡಿದರು. ಲಂಡನ್ನಿಗೆ ಹೋದ ಮೇಲೆ ಅಲ್ಲಿ ಚಿತ್ರಕಲೆ ಓದುತ್ತಿದ್ದ ಉದಯ್ ಶಂಕರ್ ಪರಿಚಯವಾಯಿತು. 1923ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರಿನಲ್ಲಿ ಪಾವ್ಲೋವಾ ರಾಧೆ, ಉದಯ್ ಶಂಕರ್ ಕೃಷ್ಣ. ಶಾಸ್ತ್ರೀಯವಾಗಿ ನೃತ್ಯ ಕಲಿಯದ ಆ ಯುವಕ ಅವರ ತಂಡದ ಜೊತೆ ಅಮೆರಿಕ ಸುತ್ತಿ, ಆಮೇಲೆ ಭಾರತದ ಆಧುನಿಕ ನೃತ್ಯಕ್ಕೇ ದಾರಿ ಹಾಕಿದರು.

ಪಾವ್ಲೋವಾ 1928ರ ಕೊನೆಯಲ್ಲಿ ಮತ್ತೆ ಭಾರತಕ್ಕೆ ಬಂದಾಗ ಮದ್ರಾಸಿನ ರುಕ್ಮಿಣಿ ದೇವಿ ಅರುಂಡೇಲ್ ಪಾವ್ಲೋವಾ ಕುಣಿತವನ್ನು ನೋಡಿದರು. ಮುಂದೆ ಆಸ್ಟ್ರೇಲಿಯಾ ಕಡೆಯ ಹಡಗಿನಲ್ಲಿ ಇಬ್ಬರೂ ಜೊತೆಯಾದರು. ರುಕ್ಮಿಣಿ ದೇವಿಗೆ ಬ್ಯಾಲೆ ಕಲಿಯುವ ಆಸೆ. ಪಾವ್ಲೋವಾ ತಮ್ಮ ತಂಡದ ಕ್ಲಿಯೊ ನೋರ್ಡಿ ಹತ್ತಿರ ಪಾಠ ಹೇಳಿಸಿದರು, ಜೊತೆಗೆ ನಿಮ್ಮ ದೇಶದ ನೃತ್ಯ ಹುಡುಕಿ ಅಂತಲೂ ಹೇಳಿದರು. 1935ರಲ್ಲಿ ರುಕ್ಮಿಣಿ ದೇವಿ ಅಡ್ಯಾರಿನಲ್ಲಿ ಭರತನಾಟ್ಯ ಮಾಡಿದರು. 1936ರಲ್ಲಿ ಕಲಾಕ್ಷೇತ್ರ ಅನ್ನುವ ಶಾಲೆ ಕಟ್ಟಿದರು.

ಇಲ್ಲೊಂದು ಎಚ್ಚರ ಬೇಕು. ಪಾವ್ಲೋವಾ ಹೇಳಿದ್ದರಿಂದ ಭರತನಾಟ್ಯ ಉಳಿಯಿತು ಅಂತ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. ಅದನ್ನು ಉಳಿಸಿಕೊಂಡು ಬಂದವರು ದೇವದಾಸಿ ಮನೆತನಗಳ ಹೆಣ್ಣುಮಕ್ಕಳು ಮತ್ತು ಅವರಿಗೆ ನೃತ್ಯ ಕಲಿಸುವ ಗುರುಗಳಾದ ನಟ್ಟುವನಾರರು. ರುಕ್ಮಿಣಿ ದೇವಿಗೆ ಕಲಿಸಿದವರೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ. ನಮ್ಮ ಮೈಸೂರಿನಲ್ಲಿ ಜಟ್ಟಿ ತಾಯಮ್ಮ ಆಗಿನ್ನೂ ಬದುಕಿದ್ದರು, ಅಭಿನಯಕ್ಕೆ ಅವರ ಸಮ ಇರಲಿಲ್ಲ. ಮೇಲ್ಜಾತಿಯ ಮನೆಗಳು ಆ ನೃತ್ಯವನ್ನು ನೋಡಿ ಮುಖ ತಿರುಗಿಸುತ್ತಿದ್ದವು. ಹೊರಗಿನ ಒಬ್ಬ ದೊಡ್ಡ ಕಲಾವಿದೆಯ ಮಾತು ಅಂಥ ಮನೆಯ ಹೆಣ್ಣುಮಗಳೊಬ್ಬಳಿಗೆ ಧೈರ್ಯ ಕೊಟ್ಟಿತು. ಅಷ್ಟು ಹೇಳಿದರೆ ಸಾಕು, ಅದೂ ದೊಡ್ಡದೇ.

1931ರ ಜನವರಿಯಲ್ಲಿ ಪಾವ್ಲೋವಾ ಹೇಗ್ ನಗರದಲ್ಲಿ ತೀರಿಕೊಂಡರು. ಆಗಲೂ ತಿರುಗಾಟದ ನಡುವೆಯೇ ಇದ್ದರು.

ಇನ್ನೊಂದು ಎಳೆ ಬೆಂಗಳೂರಿನದು. ಇಲ್ಲಿ ಹುಟ್ಟಿದ ರಾಮ್ ಗೋಪಾಲ್ ಕಥಕಳಿ, ಭರತನಾಟ್ಯ ಕಲಿತು ಯುರೋಪಿನಲ್ಲಿ ಹೆಸರು ಮಾಡಿದವರು. ಅವರನ್ನು ಭಾರತದ ನಿಜಿನ್ಸ್ಕಿ ಅಂತ ಕರೆದರು. 1960ರಲ್ಲಿ ಅವರು ಬ್ರಿಟನ್‌ನಲ್ಲಿ ಕೃಷ್ಣನಾಗಿ ಕುಣಿದಾಗ ರಾಧೆಯಾಗಿದ್ದವರು ಅಲಿಸಿಯಾ ಮಾರ್ಕೋವಾ. ದ್ಯಾಗಿಲೆವ್ ಹೆಸರು ಬದಲಿಸಿದ್ದ ಆ ಹದಿನಾಲ್ಕರ ಹುಡುಗಿ.

ಅತ್ತ ಸೋವಿಯತ್ ಸರ್ಕಾರ ತನ್ನ ಬ್ಯಾಲೆಯನ್ನು ಬಹಳ ಕಾಲ ಹೊರಗೆ ಕಳಿಸಲೇ ಇಲ್ಲ. 1956ರಲ್ಲಿ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ತಂಡ ಲಂಡನ್ನಿಗೆ ಬಂತು. ನಲವತ್ತಾರು ವರ್ಷದ ಗಲಿನಾ ಉಲನೊವಾ ಹದಿಹರೆಯದ ಜೂಲಿಯೆಟ್ ಆಗಿ ಕುಣಿದರು, ನೋಡಿದವರು ನಂಬಿದರು. 1961ರಲ್ಲಿ ಕಿರೊವ್ ತಂಡ (ಹಳೆಯ ಮಾರಿಯಿನ್ಸ್ಕಿಯ ಸೋವಿಯತ್ ಕಾಲದ ಹೆಸರು) ಪ್ಯಾರಿಸ್ಸಿಗೆ ಹೋದಾಗ ರುಡಾಲ್ಫ್ ನುರೆಯೆವ್ ವಿಮಾನ ನಿಲ್ದಾಣದಲ್ಲೇ ತಂಡ ಬಿಟ್ಟು ಆಶ್ರಯ ಕೇಳಿದರು. ಮರುವರ್ಷ ಲಂಡನ್ನಿನಲ್ಲಿ ಅವರಿಗೆ ಬಾಗಿಲು ತೆರೆದದ್ದು ದ್ಯಾಗಿಲೆವ್ ಹತ್ತಿರ ಪಳಗಿದ್ದ ಅದೇ ಡಿ ವಲ್ವಾ.

1973ರಲ್ಲಿ ಲಂಡನ್ನಿನ ಹರಾಜಿನಲ್ಲಿ ಈ ತಂಡಗಳ ಹಳೆಯ ವೇಷಗಳನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಕೊಂಡುಕೊಂಡಿತು. ಈಗ ಕ್ಯಾನ್‌ಬೆರಾದಲ್ಲಿ ಅವನ್ನು ಜೋಪಾನವಾಗಿ ಇಟ್ಟಿದ್ದಾರೆ. ಬಟ್ಟೆಯಲ್ಲಿ ಬೆವರಿನ ಕಲೆ ಇದೆ. ಸೊಂಟ ಬಿಚ್ಚಿ ಮತ್ತೆ ಹೊಲಿದ ಗುರುತಿದೆ. ಒಳಗಿನ ಪಟ್ಟಿಯಲ್ಲಿ ತೊಟ್ಟವರ ಹೆಸರು ಶಾಯಿಯಲ್ಲಿ ಬರೆದಿದೆ. ಕೆಲವು ವೇಷಗಳಲ್ಲಿ ಒಂದು ಹೆಸರಿನ ಪಕ್ಕ ಇನ್ನೊಂದು ಹೆಸರಿದೆ.